ಕೆಂಪಿಯ ಹಿತ್ತಿಲು

ನಮ್ಮ ಊರಲ್ಲಿ ಮನೆಗೆ ಬೀಗ ಹಾಕಿ ಹೋಗುವ ಪದ್ಧತಿ ಇಲ್ಲ. ಹಾಕಿದರೆ ಕಳ್ಳರ ಕಾಟವೇನೋ ಇರುವುದಿಲ್ಲ. ಆದರೆ ವಾಪಸು ಬರುವಷ್ಟರಲ್ಲಿ ಬೀದಿಯವರ ಕಣ್ಣಿಗೆ ಬಿದ್ದ ಬಾಗಿಲು, ಬೀಗ, ಮುಂದಿನ ಗೋಡೆ ಇಷ್ಟೇ ಉಳಿದಿರುತ್ತವೆ. ಬೀಗ ತೆಗೆದರೆ ಒಳಗೆ ಮನೆ ಇರುವುದಿಲ್ಲ. ಅದಕ್ಕೇ ಮದುವೆಗೋ ತಿಥಿಗೋ ಆಸ್ಪತ್ರೆಗೋ ಹೋಗುವವರು ಮನೆಯಲ್ಲಿ ಯಾರನ್ನಾದರೂ ಕೂರಿಸಿ ಹೋಗುತ್ತಾರೆ. ಹಾಗೆ ಕೂರುವುದೇ ನನ್ನ ಕಸುಬು. ಹತ್ತೊಂಬತ್ತು ವರ್ಷದಿಂದ ಕೂರುತ್ತಿದ್ದೇನೆ. ಜವರಮ್ಮ ಕೂತ ಮನೆಯಲ್ಲಿ ಒಂದು ಮೊಳೆ ಕಳೆದಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಮಾತನ್ನು ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕೂರುವುದು ಅಂದರೆ ಕೂತು ಎಲೆಯಡಿಕೆ ಜಗಿಯುವುದು ಅಂದುಕೊಂಡವರು ಬಹಳ ಜನ. ಅಂಥವರಿಗೆ ಒಂದು ದಿನ ಕೂತು ನೋಡಿ ಎನ್ನುತ್ತೇನೆ. ಗಂಟೆಗೊಮ್ಮೆ ಎದ್ದು ಮನೆಯೆಲ್ಲ ಸುತ್ತಬೇಕು. ಅಟ್ಟ, ಬಚ್ಚಲು, ದೇವರ ಗೂಡು, ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲವನ್ನೂ ಮನಸ್ಸಿಟ್ಟು ನೋಡಬೇಕು. ಕಣ್ಣು ಇಲ್ಲಿ, ಮನಸ್ಸು ಸಂತೆಯಲ್ಲಿ ಇದ್ದರೆ ಆಗುವುದಿಲ್ಲ. ರಾತ್ರಿ ಮಲಗಿದರೆ ತೊಂದರೆಯಿಲ್ಲ, ಮಲಗಿದವರ ಮೈಗೆ ಮನೆ ಗೊತ್ತಿರುತ್ತದೆ. ಎಚ್ಚರದಲ್ಲಿ ಮರೆತರೇ ಅಪಾಯ.

ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವ ಜಿಪುಣರೂ ಇದ್ದಾರೆ. ಒಂದು ಜೀವ ಇದ್ದರೆ ಸಾಕಲ್ಲ ಅನ್ನುತ್ತಾರೆ. ಸಾಕು, ನಿಜ. ಆದರೆ ಯಾವ ಜೀವವೋ ಅದರದೇ ಮನೆ. ನಮ್ಮ ಅಂಚೆ ಕಚೇರಿಯನ್ನು ಭಾನುವಾರ ಎರಡು ಹಲ್ಲಿಗಳು ಹಿಡಿದಿರುತ್ತವೆ. ಸೋಮವಾರ ಬೆಳಿಗ್ಗೆ ಹೋದರೆ ಸೂರು, ಟ್ಯೂಬ್‌ಲೈಟು, ಅದರ ಸುತ್ತಲಿನ ಹುಳು ಎಲ್ಲ ಸ್ಪಷ್ಟ. ಮೇಜು ಮಾತ್ರ ಇರುವುದಿಲ್ಲ. ಪೋಸ್ಟ್ ಮಾಸ್ಟರು ಬಂದು ಐದು ನಿಮಿಷ ಕಣ್ಣು ಮುಚ್ಚಿ ನಿಂತು ನೆನೆಸಿಕೊಂಡ ಮೇಲೆ ಮೇಜು ಬರುತ್ತದೆ, ಆಮೇಲೆ ನಮಗೆ ಕಾರ್ಡು ಸಿಗುತ್ತದೆ. ಎಮ್ಮೆಯ ಪಾಲಿಗೆ ಬಿಟ್ಟ ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿ ಬಂಡೆಯ ಹಾಗಿರುತ್ತದೆ, ಗೋಡೆ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಹಿಂದಿನ ಬೀದಿಯ ಒಂದು ಸಂಸಾರ ನಾಯಿಯನ್ನು ಬಿಟ್ಟು ಯಾತ್ರೆಗೆ ಹೋಗಿತ್ತು. ಬಂದು ನೋಡಿದರೆ ಗೋಡೆಗಳಿಗೆ ಬಣ್ಣವೇ ಇಲ್ಲ, ಆದರೆ ಯಾರು ಯಾವ ಮೂಲೆಯಲ್ಲಿ ಯಾವತ್ತು ಏನು ತಿಂದರು ಅನ್ನುವುದೆಲ್ಲ ಮೂಗಿಗೆ ಹೊಡೆಯುತ್ತಿತ್ತಂತೆ. ಯಜಮಾನರು ಏಕಾದಶಿಯ ದಿನ ಬಚ್ಚಲಲ್ಲಿ ನಿಂತು ಬೋಂಡ ತಿಂದಿದ್ದು ಹೆಂಡತಿಗೆ ಹಾಗೆ ಗೊತ್ತಾಯಿತು.

ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದವರು ಚೆನ್ನಾಜಮ್ಮ ಟೀಚರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವರು. ಅವರ ಪಾಠದಲ್ಲಿ ನಾನು ಎರಡು ಸಲ ಫೇಲಾಗಿದ್ದೇನೆ, ಆದರೂ ಅವರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಪಠ್ಯಪುಸ್ತಕ ಬೇರೆ ಊರಿನಿಂದ ಬರುತ್ತಿತ್ತು. ಅದರಲ್ಲಿ, ವಸ್ತು ಹೊರಗೆ ಇರುತ್ತದೆ, ಅದರ ಬಿಂಬ ಕಣ್ಣೊಳಗೆ ಬೀಳುತ್ತದೆ ಎಂದು ಚಿತ್ರ ಬರೆದಿರುತ್ತಿದ್ದರು. ಟೀಚರು ಆ ಚಿತ್ರವನ್ನು ಬೋರ್ಡಿನ ಮೇಲೆ ಅಂದವಾಗಿ ಬಿಡಿಸಿ, "ಪರೀಕ್ಷೆಗೆ ಹೀಗೇ ಬರೀರಿ ಮಕ್ಕಳೇ. ಮನೆಗೆ ಹೋದ ಮೇಲೆ ಮಾತ್ರ ಅಜ್ಜಿ ಹೇಳಿದ ಹಾಗೆ ಇರಿ," ಎನ್ನುತ್ತಿದ್ದರು. "ಮೊದಲು ಜೀವ, ಆಮೇಲೆ ಜಗತ್ತು. ಜೀವ ಎಷ್ಟಗಲವೋ ಜಗತ್ತು ಅಷ್ಟಗಲ." ನಾನು ಪರೀಕ್ಷೆಯಲ್ಲಿ ಇದನ್ನೇ ಬರೆದೆ. ಅದಕ್ಕೇ ಫೇಲಾದೆ.

ಟೀಚರ ಗಂಡ ಬೋರಲಿಂಗಯ್ಯ ಊರಿಗೆ ನಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಮಾತು ಕಡಿಮೆಯ ಮನುಷ್ಯ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ. ಟೀಚರಿಗೆ ಉಳಿದದ್ದು ಸಂಜೆ ಟ್ಯೂಷನ್ನಿಗೆ ಬರುವ ಏಳೆಂಟು ಹುಡುಗಿಯರು ಮತ್ತು ಬೋರಲಿಂಗಯ್ಯ ಸಾಕಿದ ಒಂದು ಕೆಂಪು ಕೋಳಿ. ಮೊಟ್ಟೆ ಇಡುವುದನ್ನು ನಿಲ್ಲಿಸಿ ಎರಡು ವರ್ಷವಾದರೂ ಸಾರಿಗೆ ಹೋಗದೆ ಉಳಿದ ಪುಣ್ಯವಂತೆ. ಹೆಸರು ಕೆಂಪಿ.

ಈ ಸಲ ಟೀಚರಿಗೆ ಎರಡು ಕಣ್ಣಲ್ಲೂ ಪೊರೆ ಬಂದಿತ್ತು. ಒಂದು ಕಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳಲು ಬೇರೆ ಊರಿಗೆ ಹೊರಟರು. ಸೋಮವಾರ ಬೆಳಿಗ್ಗೆ ನಾನು ಹೋದಾಗ ಅವರ ಮನೆಯ ಸ್ಥಿತಿ ನೋಡಿ ಅಯ್ಯೋ ಅನ್ನಿಸಿತು. ಪೊರೆ ಬಂದ ಕಣ್ಣು ಹಿಡಿದ ಮನೆ ಅಲ್ಲವೇ, ಎಲ್ಲ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಮಸುಕು. ಕ್ಯಾಲೆಂಡರಿನಲ್ಲಿ ತಾರೀಖುಗಳೇ ಇಲ್ಲ. ಮೇಜಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕೈಯಿಟ್ಟು ನೋಡಬೇಕು. ನಾನು ಅರ್ಧ ಗಂಟೆ ಓಡಾಡಿದ ಮೇಲೆ ಒಂದೊಂದೇ ತಿಳಿಯಾಗತೊಡಗಿತು.

"ನೀನು ಬಂದ ಮೇಲೆ ನಮ್ಮ ಮನೆಗೆ ಮೂಲೆ ಬಂತು ನೋಡು ಜವರಮ್ಮ," ಎಂದರು ಟೀಚರು.

ಆಮೇಲೆ ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಿಟಕಿಯ ಪಕ್ಕ ಒಂದು ಒರಗು ಕುರ್ಚಿ ಇತ್ತು. ಮರದ ಚೌಕಟ್ಟು, ಪಟ್ಟೆ ಪಟ್ಟೆಯ ದಪ್ಪ ಬಟ್ಟೆ, ಕೈ ಮೇಲೆ ಮಡಿಸಿದ ಟವಲು. ಮನೆಯೆಲ್ಲ ಮಸುಕಾಗಿದ್ದರೂ ಅದೊಂದು ಮಾತ್ರ ನಿಚ್ಚಳವಾಗಿತ್ತು.

"ಇದು ಇವರು ಕೂರ್ತಿದ್ದ ಕುರ್ಚಿ. ಬಟ್ಟೆ ಇಲ್ಲಿ ತಗ್ಗಾಗಿದೆ ನೋಡು, ಬಲಗಡೆ ಸ್ವಲ್ಪ ಜಾಸ್ತಿ. ಅವರಿಗೆ ಎಡಗಡೆ ಸೊಂಟ ನೋವು, ಬಲಕ್ಕೆ ವಾಲಿ ಕೂರೋರು. ನಾಲ್ಕು ವರ್ಷದಿಂದ ನಾನು ಇದನ್ನ ದಿನಾ ಎರಡು ಹೊತ್ತು ಕೈಯಿಟ್ಟು ನೋಡ್ತಿದೀನಿ. ಬೇರೆ ಏನು ಹೋದ್ರೂ ಹೋಗ್ಲಿ. ಇದನ್ನ ಮಾತ್ರ ಬಿಡ್ಬೇಡ ಕಣಮ್ಮ. ಅವರದು ಅಂತ ನನಗೆ ಉಳಿದಿರೋದು ಇದೊಂದೇ."

"ಬಿಡ್ತೀನಾ ಟೀಚರಮ್ಮ? ನಾನು ಕೂತ ಮನೇಲಿ ಒಂದು ಮೊಳೆ ಕಳೆದಿಲ್ಲ," ಎಂದೆ. ಬಾಯಿಗೆ ಬೀಗ ಬೇಕಿತ್ತು ನೋಡಿ, ಮನೆಗಲ್ಲ.

ಮೂರು ದಿನ ಚೆನ್ನಾಗಿಯೇ ಕೂತೆ. ಕುರ್ಚಿಯನ್ನು ಎರಡು ಹೊತ್ತಲ್ಲ, ನಾಲ್ಕು ಹೊತ್ತು ನೋಡಿದೆ. ಗುರುವಾರ ಮಧ್ಯಾಹ್ನ ಊಟ ಮಾಡಿ, ಒಂದು ಸುತ್ತು ಮುಗಿಸಿ, ಗಾಳಿಗೆಂದು ಹೊರಗೆ ಬಂದು ಕಾಂಪೌಂಡಿನ ಗೋಡೆ ಹತ್ತಿ ಕೂತೆ. ಆಚೆ ಕಡೆ ಪಕ್ಕದ ಮನೆಯ ಹೊಂಬಾಳಮ್ಮ ಹಪ್ಪಳ ಒಣಗಿಸುತ್ತಿದ್ದಳು. ಅವಳು ನನ್ನ ಓರಗೆಯವಳು, ಫೇಲಾದದ್ದೂ ಜೊತೆಯಲ್ಲೇ. ತನ್ನ ಅಣ್ಣನ ಮಗಳಿಗೆ ಗಂಡು ಬಂದಿದೆ ಎಂದು ಶುರು ಮಾಡಿದಳು.

"ಹುಡುಗ ಚೆನ್ನಾಗವ್ನೆ ಕಣೆ. ಒಂದೇ ಒಂದು ತಕರಾರು. ಅವರ ಊರಲ್ಲಿ ಮನೆಗೋಳು ತಾವಾಗೇ ಇರ್ತವಂತೆ."

"ತಾವಾಗೇ ಅಂದ್ರೆ?"

"ಯಾರೂ ನೋಡ್ದೆ ಇದ್ರೂ ಇರ್ತವಂತೆ. ಬೀಗ ಹಾಕ್ಕೊಂಡು ತಿಂಗಳುಗಟ್ಟಲೆ ಹೋಯ್ತಾರಂತೆ, ಬಂದು ನೋಡಿದ್ರೆ ಧೂಳು ಬಿಟ್ರೆ ಎಲ್ಲಾ ಹಂಗಂಗೇ ಇರ್ತದಂತೆ."

"ಅಯ್ಯೋ, ಹಂಗಾದ್ರೆ ಆ ಮನೆಗೆ ಇವಳು ಇದ್ದರೂ ಒಂದೇ, ಇಲ್ದಿದ್ರೂ ಒಂದೇ. ಅಂಥಾ ಕಡೆ ಹೆಣ್ಣು ಕೊಡೋದಾ?"

"ಅದನ್ನೇ ನಾನೂ ಅಂದೆ."

ಇಂಥ ಮಾತು ಅರ್ಧಕ್ಕೆ ಬಿಡಲಿಕ್ಕಾಗುತ್ತದೆಯೇ? ಹುಡುಗಿಯ ಅತ್ತೆಯಾಗುವವಳ ವಿಷಯ ಬಂತು. ಅವಳ ತಂಗಿಯ ವಿಷಯ ಬಂತು. ಹೊಂಬಾಳಮ್ಮ ಹುಡುಗನ ಫೋಟೋ ತಂದು ತೋರಿಸಿದಳು, ಅವನ ಕಿವಿ ದೊಡ್ಡದೋ ಫೋಟೋ ತೆಗೆದವನ ತಪ್ಪೋ ಎಂದು ಬಹಳ ಹೊತ್ತು ಚರ್ಚೆಯಾಯಿತು. ಹಪ್ಪಳ ಒಣಗಿ, ಅವಳು ಅವನ್ನು ಬಾಚಿ ಬುಟ್ಟಿಗೆ ತುಂಬಿದಾಗಲೇ ನನಗೆ ಹೊತ್ತು ಹೋದದ್ದು ಗೊತ್ತಾಗಿದ್ದು. ಮೂರು ಗಂಟೆಗಿಂತ ಹೆಚ್ಚಾಗಿತ್ತು. ಅಷ್ಟೂ ಹೊತ್ತು ನನ್ನ ಬೆನ್ನು ಮನೆಯ ಕಡೆಗಿತ್ತು, ಮನಸ್ಸು ಆ ಹುಡುಗನ ಕಿವಿಯಲ್ಲಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ನಮ್ಮ ಊರಲ್ಲಿ ಅದು ಗಾದೆಯಲ್ಲ, ಎಚ್ಚರಿಕೆ.

ಹೊರಗೋಡೆ ಹೊಂಬಾಳಮ್ಮನ ಕಣ್ಣಿಗೆ ಬೀಳುತ್ತಿದ್ದದ್ದರಿಂದ ಉಳಿದಿತ್ತು. ನಾನು ಓಡಿ ಬಾಗಿಲು ತಳ್ಳಿದೆ.

ಒಳಗೆ ಕೆಂಪಿಯ ಮನೆ ಇತ್ತು. ಹೊಸ್ತಿಲು ಇತ್ತು, ಎತ್ತರವಾಗಿ, ಹತ್ತಿ ಇಳಿಯಬೇಕಾದ ದಿಬ್ಬದ ಹಾಗೆ. ನೆಲದ ಪ್ರತಿಯೊಂದು ಬಿರುಕೂ ಇತ್ತು, ಬಿರುಕಿನೊಳಗಿನ ಇರುವೆಯೂ ಇತ್ತು. ಅಕ್ಕಿ ಆರಿಸುವಾಗ ಕಾಳು ಬೀಳುವ ಜಾಗ ಹೊಳೆಯುತ್ತಿತ್ತು. ಮಂಚದ ಕೆಳಗಿನ ಕತ್ತಲು ಅರಮನೆಯಷ್ಟು ವಿಶಾಲವಾಗಿತ್ತು. ಮೊಣಕಾಲಿನಿಂದ ಮೇಲೆ ಏನೂ ಇರಲಿಲ್ಲ. ಗೋಡೆ ಅಲ್ಲಿಗೆ ಮುಗಿದು ಬರೀ ಬೆಳಕಾಗಿತ್ತು. ಗಡಿಯಾರವಿಲ್ಲ, ಫೋಟೋಗಳಿಲ್ಲ, ಸೂರಿಲ್ಲ. ಅಡುಗೆಮನೆಯ ಹೊಸ್ತಿಲಿನವರೆಗೆ ಹೋದೆ. ಕೆಂಪಿಯನ್ನು ಟೀಚರು ಅದರಿಂದಾಚೆ ಯಾವತ್ತೂ ಬಿಟ್ಟುಕೊಂಡವರಲ್ಲ. ಆಚೆಗೆ ಅಡುಗೆಮನೆ ಇರಲಿಲ್ಲ, ಒಂದು ದೊಡ್ಡ "ಹುಶ್" ಮಾತ್ರ ಇತ್ತು. ಹೇಗೆ ಹೇಳಲಿ, ಶಬ್ದವಲ್ಲ, ಹೋಗಬಾರದು ಅನ್ನುವ ಜಾಗ. ಒಳಕೋಣೆಯ ಕಡೆಗೆ ತಿರುಗಿದೆ. ಕೆಂಪಿ ಅತ್ತ ಹೋದವಳೇ ಅಲ್ಲ. ಅಲ್ಲಿ "ಹುಶ್" ಕೂಡ ಇರಲಿಲ್ಲ.

ನೆಲದ ಮೇಲೆ ಕೂತು ಅತ್ತೆ. ಕೆಂಪಿ ಬಂದು ನನ್ನ ಕಾಲುಂಗುರ ಕುಕ್ಕಿ ನೋಡಿ, ಕಾಳಲ್ಲವೆಂದು ಖಾತ್ರಿ ಮಾಡಿಕೊಂಡು ಹೋಯಿತು.

ಹಿಂದೆಯೇ ಬಂದ ಹೊಂಬಾಳಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. "ಎದ್ದೇಳು. ಕೂತು ಅತ್ರೆ ಸೂರು ಬರಲ್ಲ. ಮಾತಾಡಿದ್ದು ಇಬ್ಬರೂ, ಹೊರೋದೂ ಇಬ್ಬರೇ," ಎಂದಳು. ಟೀಚರು ಬರುವುದು ಶನಿವಾರ ಮಧ್ಯಾಹ್ನದ ಬಸ್ಸಿಗೆ. ಪೂರ್ತಿ ಎರಡು ದಿನವೂ ಇರಲಿಲ್ಲ.

ಮೊದಲು ನನಗೆ ಗೊತ್ತಿದ್ದಷ್ಟನ್ನು ನೆನೆಸಿಕೊಂಡು ನಿಲ್ಲಿಸಿದೆ. ಕಂಬ, ತೊಲೆ, ಹೆಂಚು ಬಂದವು. ಆದರೆ ಮೂರು ದಿನದ ಪರಿಚಯ ಎಷ್ಟು ತಾನೇ ಹಿಡಿದೀತು? ಶೆಲ್ಫಿನ ಮೇಲೆ ಸಾಲಾಗಿ ಬಂದದ್ದು ನಮ್ಮ ಮನೆಯ ಡಬ್ಬಗಳು. ಗೋಡೆಯ ಮೇಲೆ ಬಂದ ಗಡಿಯಾರಕ್ಕೆ ಮುಳ್ಳೇ ಇರಲಿಲ್ಲ. ಹೊಂಬಾಳಮ್ಮ ನನ್ನ ಡಬ್ಬಗಳನ್ನು ನೋಡಿ ತಲೆ ಅಲ್ಲಾಡಿಸಿ ಅಡುಗೆಮನೆಗೆ ನುಗ್ಗಿದಳು. ಇಪ್ಪತ್ತು ವರ್ಷದಿಂದ ಆ ಮನೆಯ ಪ್ರತಿ ಡಬ್ಬದಿಂದಲೂ ಅವಳು ಏನಾದರೊಂದು ಕಡ ತಂದವಳು. "ಸಕ್ಕರೆ ಇದು, ಮುಚ್ಚಳ ಸೊಟ್ಟ. ಕಾಫಿಪುಡಿ ಬೋರ್ನ್ವೀಟಾ ಡಬ್ಬದಲ್ಲಿ. ಮೆಣಸಿನಕಾಯಿ ಇದರ ಹಿಂದೆ ಬಚ್ಚಿಟ್ಟಿರ್ತಾರೆ, ನಾನು ಕೇಳ್ತೀನಿ ಅಂತ," ಎನ್ನುತ್ತ ಒಂದೊಂದನ್ನೇ ಕರೆದು ನಿಲ್ಲಿಸಿದಳು. ಸಂಕೋಚ ಬಿಟ್ಟವಳ ನೆನಪು ಎಷ್ಟು ಗಟ್ಟಿ ಅನ್ನುವುದನ್ನು ಅವತ್ತು ಕಂಡೆ.

ಶುಕ್ರವಾರ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ತರುವ ಇಲಿಯಾಜನನ್ನು ಕರೆಸಿದೆವು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಒಲೆಯ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತ. "ಜವರಕ್ಕ, ಈ ಮೂಲೆ ನೆಲ ಇಳಿಜಾರು ಇತ್ತು. ಸಿಲಿಂಡರ್ ಇಟ್ರೆ ಉರುಳೋದು. ಟೀಚರು ಒಂದು ಹೆಂಚಿನ ಚೂರು ಕೊಟ್ಟಿದ್ರು ಒತ್ತು ಕೊಡೋಕೆ," ಎಂದ. ಹೇಳುತ್ತಿದ್ದ ಹಾಗೇ ನೆಲ ಇಳಿಯಿತು, ಹೆಂಚಿನ ಚೂರು ಬಂದು ಕೂತಿತು. ಟ್ಯೂಷನ್ನಿನ ಹುಡುಗಿಯರು ಶಾಲೆ ಮುಗಿಸಿ ಓಡಿ ಬಂದರು. ಅವರಿಗೆ ಪಾಠಕ್ಕಿಂತ ಬೆಂಚಿನ ಅಡಿ ಚೆನ್ನಾಗಿ ಗೊತ್ತಿತ್ತು. ಯಾರು ಎಲ್ಲಿ ಚ್ಯೂಯಿಂಗ್ ಗಮ್ ಅಂಟಿಸಿದ್ದರು, ಯಾರು ಟೀಚರ ಕನ್ನಡಕದ ಚಿತ್ರ ಗೀಚಿದ್ದರು, ಎಲ್ಲ ಬಂತು. ಗಡಿಯಾರವಂತೂ ಅವರು ಕಣ್ಣು ಕೂಡ ಮುಚ್ಚದೆ ತಂದರು. ಪಾಠ ಯಾವಾಗ ಮುಗಿಯುತ್ತದೆ ಎಂದು ಅಷ್ಟು ಸಲ ನೋಡಿದ್ದರು. ಏಳು ನಿಮಿಷ ಮುಂದೆ ಓಡುವ ಅದರ ಚಾಳಿಯನ್ನೂ ಮರೆಯಲಿಲ್ಲ.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮನೆ ಮನೆಯಾಗಿತ್ತು. ನನಗೆ ಆ ಜನರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಹೊಂಬಾಳಮ್ಮನನ್ನು ತಬ್ಬಿಕೊಂಡೆ. ಅವಳು, "ಸಾಕು ಬಿಡು, ಬೆವರು," ಎಂದಳು.

ಉಳಿದದ್ದು ಒಳಕೋಣೆ. ಅಲ್ಲಿಗೆ ಟೀಚರನ್ನೂ ನನ್ನನ್ನೂ ಬಿಟ್ಟು ಯಾರೂ ಹೋದವರಿರಲಿಲ್ಲ. ನಾನು ಒಬ್ಬಳೇ ಬಾಗಿಲಲ್ಲಿ ಕೂತು ಕಣ್ಣು ಮುಚ್ಚಿದೆ. ಕಿಟಕಿ ಬಂತು. ಮರದ ಚೌಕಟ್ಟು ಬಂತು, ಪಟ್ಟೆ ಬಟ್ಟೆ ಬಂತು, ಟವಲೂ ಬಂತು. ಹತ್ತಿರ ಹೋಗಿ ನೋಡಿದರೆ ಬಟ್ಟೆ ಬಿಗಿಯಾಗಿ, ಅಂಗಡಿಯಿಂದ ಈಗ ತಂದ ಹಾಗಿತ್ತು. ತಗ್ಗು ಇರಲಿಲ್ಲ. ಹನ್ನೆರಡು ಸಲ ಕೈಯಿಟ್ಟು ನೋಡಿದ್ದೆನಲ್ಲ, ನೋಡಿದ್ದು ಬಟ್ಟೆಯನ್ನು. ಬಲಕ್ಕೆ ವಾಲಿ ಕೂತ ಮನುಷ್ಯನನ್ನು ನಾನು ಕಂಡವಳಲ್ಲ. ನೀರು ಬಿಡಲು ಸೈಕಲ್ ಮೇಲೆ ಹೋಗುತ್ತಿದ್ದ ಬೋರಲಿಂಗಯ್ಯನಷ್ಟೇ ನನಗೆ ಗೊತ್ತು.

ಆಮೇಲೆ ಒಂದು ಕೆಲಸ ಮಾಡಿದೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ. ನಾನೇ ಆ ಕುರ್ಚಿಯಲ್ಲಿ ಕೂತೆ. ಬಲಕ್ಕೆ ವಾಲಿ ಕೂತೆ. ಮೇಲೆದ್ದು ನೋಡಿದರೆ ತಗ್ಗು ಬಿದ್ದಿತ್ತು. ಟೀಚರಿಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ಇನ್ನೊಂದರಲ್ಲಿ ಪೊರೆ, ಗೊತ್ತಾಗುವುದಿಲ್ಲ ಅನ್ನಿಸಿತು. ಅದು ಅನ್ನಿಸಿದ್ದೇ ತಡ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹಿತ್ತಿಲೊಂದನ್ನು ಯಾರೂ ಮುಟ್ಟಲಿಲ್ಲ. ಅದನ್ನು ತಿಳಿದವರು ಯಾರೂ ಇರಲಿಲ್ಲ, ನಾನೂ ಪಾತ್ರೆ ತೊಳೆದ ನೀರು ಚೆಲ್ಲುವಾಗ ದಾಟಿದವಳೇ ಹೊರತು ನೋಡಿದವಳಲ್ಲ. ಕೆಂಪಿಯ ಪಾಲಿಗೆ ಬಿಟ್ಟೆವು. ಶನಿವಾರ ಬೆಳಿಗ್ಗೆ ಅಕ್ಕಿ ಹಾಕಲು ಹೋದಾಗ ಅಲ್ಲಿ ಮೊಣಕಾಲೆತ್ತರದ ಜಗತ್ತು ಹಾಗೇ ಇತ್ತು. ಕರಿಬೇವಿನ ಗಿಡದ ಬುಡ ಇತ್ತು, ಮೇಲಿನ ಗಿಡ ಇರಲಿಲ್ಲ. ಹಿಂಬಾಗಿಲ ಮೆಟ್ಟಿಲ ಹತ್ತಿರ ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟಿತ್ತು, ಗಂಡಸಿನದು, ಅಗಲ ಪಾದ. ಬಲಗಾಲಿನದರ ಉಂಗುಷ್ಠಕ್ಕೆ ತಂತಿ ಸುತ್ತಿತ್ತು. ಪಟ್ಟಿಯ ಬಣ್ಣ ನೀಲಿ ಅನ್ನಬೇಕು, ಆದರೆ ನೀಲಿಯಲ್ಲ, ಅಂಥ ಬಣ್ಣ ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಇಲಿಯಾಜ ಮರೆತು ಹೋಗಿದ್ದಾನೆ ಅಂದುಕೊಂಡೆ. ಬೀದಿಯಲ್ಲಿ ಸಿಕ್ಕಾಗ ಕೇಳಿದರೆ, ಕಾಲು ಎತ್ತಿ ತನ್ನ ಚಪ್ಪಲಿ ತೋರಿಸಿದ.

ಬಸ್ಸು ಸರಿಯಾದ ಹೊತ್ತಿಗೇ ಬಂತು. ಟೀಚರು ಎಡಗಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಇಳಿದರು. ಮನೆಯ ಗೇಟಿನ ಹತ್ತಿರ ನಾನು ಅವರ ಚೀಲ ಇಸಿದುಕೊಂಡು, "ಟೀಚರಮ್ಮ, ಬೈಯೋದಿದ್ರೆ ಇಲ್ಲೇ ಬೈದುಬಿಡಿ, ಆಮೇಲೆ ಒಳಗೆ ಬನ್ನಿ," ಎಂದೆ. ಎಲ್ಲ ಹೇಳಿದೆ. ಫೋಟೋದ ಕಿವಿ, ಬೆನ್ನು, ಹುಶ್, ಎಲ್ಲ. ಕುರ್ಚಿಯಲ್ಲಿ ನಾನು ಕೂತದ್ದನ್ನೂ ಹೇಳಿದೆ.

ಅವರು ಒಳಗೆ ಹೋದರು. ಗಡಿಯಾರ ನೋಡಿದರು. ಬೆಂಚಿನ ಅಡಿಗೆ ಕೈ ಹಾಕಿ ಸವರಿದರು. ಒಳಕೋಣೆಗೆ ಹೋಗಿ ಕುರ್ಚಿಯ ಬಟ್ಟೆಯ ಮೇಲೆ ಅಂಗೈ ಇಟ್ಟರು.

"ಇದು ನಿನ್ನ ತಗ್ಗು," ಎಂದರು.

"ಹೌದು ಟೀಚರಮ್ಮ. ತಪ್ಪಾಯ್ತು."

ಅವರು ನಡುಮನೆಗೆ ಬಂದು ಮಂಚದ ಮೇಲೆ ಕೂತರು. "ಒಂದು ನಿಜ ಹೇಳ್ಲಾ ಜವರಮ್ಮ. ಹೋದ ವರ್ಷದಿಂದಲೇ ನನಗೆ ಅನುಮಾನ ಇತ್ತು. ದಿನಾ ಕೈಯಿಟ್ಟು ಕೈಯಿಟ್ಟು, ಅದು ನನ್ನ ಕೈಯಿನ ತಗ್ಗೇ ಆಗಿಹೋಗಿತ್ತು ಅನ್ಸುತ್ತೆ. ಅವರು ನಿಜವಾಗಿ ಬಲಕ್ಕೆ ವಾಲ್ತಿದ್ರಾ, ಎಡಕ್ಕಾ ಅಂತ ಎಷ್ಟೋ ಸಲ ಯೋಚನೆ ಮಾಡಿದೀನಿ. ನೋಡೋರು ನಾವೇ, ಮಾಡೋರೂ ನಾವೇ. ಮಕ್ಕಳಿಗೆ ಹೇಳಿಕೊಟ್ಟಿದ್ದೇ ಅದು. ನನ್ನ ಗಂಡನ ವಿಷಯಕ್ಕೆ ಬಂದಾಗ ಮಾತ್ರ ಹಾಗಾಗಲ್ಲ ಅಂದ್ಕೊಂಡಿದ್ದೆ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, "ಈಗ ಪೂರ್ತಿ ಹೋದ್ರು ಕಣಮ್ಮ," ಎಂದರು. ಕಟ್ಟಿದ ಕಣ್ಣಿಗೆ ನೀರು ತಾಕಬಾರದೆಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಒಂದೇ ಕಣ್ಣಿನಲ್ಲಿ ಅಳಲು ನೋಡಿದರು. ಅದು ಹೇಗಾಗುತ್ತದೆ? ನಾನು ಹತ್ತಿರ ಕೂತು ಅವರ ಬೆನ್ನು ಸವರಿದೆ, ನನಗೂ ಅಳು ಬಂತು.

ಹಿಂಬಾಗಿಲಲ್ಲಿ ಕೆಂಪಿ ಗಲಾಟೆ ಶುರು ಮಾಡಿತು. ಅದಕ್ಕೆ ಅಕ್ಕಿಯ ಹೊತ್ತಾಗಿತ್ತು, ಯಾರ ದುಃಖವಾದರೆ ಅದಕ್ಕೇನು. ಟೀಚರು ಮೂಗು ಒರೆಸಿಕೊಂಡು ಎದ್ದು, ಪಾವಿನಲ್ಲಿ ನುಚ್ಚು ತೆಗೆದುಕೊಂಡು ಹಿಂಬಾಗಿಲಿಗೆ ಹೋದರು. ಹೋದವರು ಅಲ್ಲೇ ನಿಂತುಬಿಟ್ಟರು. ನಾನು ಹಿಂದೆ ಹೋಗಿ ನೋಡಿದೆ. ಅವರು ಚಪ್ಪಲಿ ನೋಡುತ್ತಿದ್ದರು.

"ಇದು ಎಲ್ಲಿಂದ ಬಂತು?"

"ಗೊತ್ತಿಲ್ಲ ಟೀಚರಮ್ಮ. ಹಿತ್ತಿಲನ್ನ ನಾವು ಯಾರೂ ಮುಟ್ಟಲಿಲ್ಲ. ಇದೆಲ್ಲ ಕೆಂಪಿಯದು."

"ಇದನ್ನ ನಾನೇ ನಾಲ್ಕು ವರ್ಷದ ಹಿಂದೆ ಅವರ ಬಟ್ಟೆ ಜೊತೆ ಹೊಳೆಗೆ ಬಿಟ್ಟು ಬಂದೆ," ಎಂದರು ಟೀಚರು. ಅವರ ದನಿ ಬಹಳ ಸಣ್ಣದಾಗಿತ್ತು. "ಬೆಳಿಗ್ಗೆ ನೀರು ಬಿಟ್ಟು ಬಂದು ಈ ಮೆಟ್ಟಿಲ ಮೇಲೆ ಕೂರೋರು. ಕೆಂಪಿ ಆವಾಗ ಇಷ್ಟುದ್ದ ಮರಿ. ಕಾಲ ಹತ್ತಿರ ಬಂದು ಈ ಪಟ್ಟಿ ಕುಕ್ಕೋದು. ಹೊಸ ಚಪ್ಪಲಿ ತಗೊಳ್ಳಿ ಅಂದ್ರೆ, ಅದಕ್ಕೆ ಇದರ ಗುರುತಿದೆ, ಇರ್ಲಿ ಬಿಡು ಅನ್ನೋರು. ನಾನು ಒಳಗೆ ಶಾಲೆಗೆ ಹೊರಡೋ ಗಡಿಬಿಡೀಲಿ ಇರ್ತಿದ್ದೆ. ಅವರು ಹೋದ ಮೇಲೆ ಈ ಮೆಟ್ಟಿಲ ಕಡೆ ನೋಡೋಕೇ ಆಗ್ತಿರ್ಲಿಲ್ಲ. ಅಕ್ಕೀನೂ ಕಿಟಕಿಯಿಂದಲೇ ಹಾಕ್ತಿದ್ದೆ, ಇವತ್ತು ಮರೆತು ಇತ್ತ ಬಂದೆ."

ಅವರು ಬಗ್ಗಿದರು. "ನೋಡು, ತಂತಿ ಕೂಡ ಇದೆ. ಪಟ್ಟಿ ಹಸಿರು," ಎಂದರು. ಅವರು ಹಾಗೆಂದ ಕೂಡಲೇ ನನ್ನ ಕಣ್ಣೆದುರಿಗೇ ಆ ಹೆಸರಿಲ್ಲದ ಬಣ್ಣ ಕದಡಿತು. ಪಟ್ಟಿಯ ಅಂಚಿನಲ್ಲಿ ಹಸಿರು ಮೂಡತೊಡಗಿತು.

ಟೀಚರು ತಟಕ್ಕನೆ ಕಣ್ಣು ಮುಚ್ಚಿಕೊಂಡರು. "ಜವರಮ್ಮ, ಬಣ್ಣ ಏನಿತ್ತು?"

"ಹಸಿರಲ್ಲ ಟೀಚರಮ್ಮ. ನೀಲಿ ಥರ. ನೀಲೀನೂ ಅಲ್ಲ."

"ಕೋಳಿ ಕಣ್ಣಿಗೆ ನಮಗಿಂತ ಬಣ್ಣ ಜಾಸ್ತಿ ಕಾಣುತ್ತೆ ಕಣಮ್ಮ. ನಾನು ಹಸಿರು ಅಂತ ತಪ್ಪು ನೆನಪಿಟ್ಕೊಂಡಿದೀನಿ. ನಾನು ನೋಡ್ತಾ ನಿಂತ್ರೆ ಇದೂ ಕುರ್ಚಿ ಥರಾನೇ ಆಗುತ್ತೆ. ನನ್ನದಾಗಿಬಿಡುತ್ತೆ." ಅವರು ಗೋಡೆ ಹಿಡಿದು ತಿರುಗಿದರು, ನನ್ನನ್ನೂ ಹಿಡಿದು ತಿರುಗಿಸಿದರು. "ಬೆನ್ನು ಮಾಡು. ಕೆಂಪಿ ನೋಡ್ಕೋತಾಳೆ."

ನಾವಿಬ್ಬರೂ ಹಿಂಬಾಗಿಲ ಎದುರಿಗಿರುವ ಅಡುಗೆಮನೆಯ ಹೊಸ್ತಿಲ ಮೇಲೆ ಹಿತ್ತಿಲಿಗೆ ಬೆನ್ನು ಮಾಡಿ ಕೂತೆವು. ಎದುರಿಗೆ ಒಲೆ, ಡಬ್ಬಗಳು, ಇಲಿಯಾಜನ ಇಳಿಜಾರು. ಟೀಚರು ನುಚ್ಚನ್ನು ತಿರುಗಿ ನೋಡದೆ ಭುಜದ ಮೇಲಿಂದ ಹಿಂದಕ್ಕೆ ಎರಚಿದರು. ಕೆಂಪಿಯ ಗಲಾಟೆ ನಿಂತಿತು. ಕಾಳು ಕುಕ್ಕುವ ಸದ್ದು ಬಂತು, ಆಮೇಲೆ ರಬ್ಬರನ್ನು ಕುಕ್ಕುವ ಮೆತ್ತನೆಯ ಸದ್ದು. ಟೀಚರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮನಸ್ಸು ಅಲ್ಲಿಗೇ ಹೋಗ್ತಿದೆ ಜವರಮ್ಮ. ಬೆನ್ನು ಮಾಡಿದ್ರೆ ಸಾಲದು. ಏನಾದ್ರೂ ಮಾತಾಡು."

"ಏನು ಮಾತಾಡ್ಲಿ?"

"ಆ ಹುಡುಗನ ಕಿವಿ ವಿಷಯ ಹೇಳು."

ನಾನು ಹೇಳಿದೆ. ನನಗೆ ನೆನಪಿಲ್ಲದ್ದನ್ನು ಹೇಳಲು ಹೊಂಬಾಳಮ್ಮನನ್ನೂ ಕೂಗಿ ಕರೆದೆವು. ಅವಳು ಫೋಟೋ ಸಮೇತ ಬಂದು ಪಕ್ಕದಲ್ಲಿ ಕೂತಳು. ಅವತ್ತಿನಿಂದ ಈ ಕೆಲಸ ನಿಂತಿಲ್ಲ. ದಿನಾ ಕೆಂಪಿಯ ಅಕ್ಕಿಯ ಹೊತ್ತಿಗೆ ಹೊಂಬಾಳಮ್ಮ ಬರುತ್ತಾಳೆ, ಬೇರೆ ಮನೆಯಲ್ಲಿ ಕೂತಿಲ್ಲದ ದಿನ ನಾನೂ ಬರುತ್ತೇನೆ, ಮೂವರೂ ಹಿತ್ತಿಲಿಗೆ ಬೆನ್ನು ಮಾಡಿ ಕೂತು ಊರಿನವರ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತೇವೆ. ಟೀಚರು ನಡುನಡುವೆ ಮಾತು ಮರೆತು ಸುಮ್ಮನಾಗುತ್ತಾರೆ. ಆಗ ಹೊಂಬಾಳಮ್ಮ ಮೊಣಕೈಯಿಂದ ತಿವಿದು ಇನ್ನೊಂದು ಸುದ್ದಿ ಎತ್ತುತ್ತಾಳೆ.

ಹೋದ ವಾರ ಹೀಗೇ ಮಾತಾಡುತ್ತಿದ್ದಾಗ ಹಿಂದೆ ಮೆಟ್ಟಿಲ ಹತ್ತಿರ ಚಪ್ಪಲಿ ಕಾಲು ಚಟಪಟ ಅಂದ ಹಾಗಾಯಿತು. ಹೊಂಬಾಳಮ್ಮ ನನ್ನ ತೋಳು ಹಿಡಿದಳು. ಟೀಚರು ಒಲೆಯನ್ನೇ ನೋಡುತ್ತ, "ಹೂಂ, ಆಮೇಲೆ ಅವಳ ಅತ್ತೆ ಏನಂದಳು?" ಎಂದರು. ಹತ್ತೊಂಬತ್ತು ವರ್ಷ ನಾನು ನೋಡಿ ನೋಡಿ ಮನೆ ಉಳಿಸಿದವಳು. ನೋಡದೆ ಉಳಿಸಿದ್ದು ಇದೊಂದನ್ನೇ. ತಿರುಗಲಿಲ್ಲ. ಅವಳ ಅತ್ತೆ ಏನಂದಳು ಅನ್ನುವುದನ್ನು ಹೇಳಿದೆ.